ಕುರಿಗಳಿಗೆ ಪರವಾನಗಿ

“ಒಳಗ ಬರಬ್ಯಾಡ್ರಿ, ಉದ್ಘಾಟನಿ ಆಗಿಲ್ಲ” ಎನ್ನುತ್ತಲೇ ಕಾವಲುಗಾರ ಗುರುಪಾದ ಊರಿನ ಹೊಸ ಉದ್ಯಾನದ ಗೇಟನ್ನು ಅಗಲವಾಗಿ ತೆರೆದ. ತೆರೆದದ್ದು ಮಾದೇವಿಗೂ ಅವಳ ಮಗಳು ವೈಶಾಲಿಗೂ ಅಲ್ಲ, ಕುರಿ ಕಾಯುವ ಹಣಮವ್ವನ ಹಿಂಡಿಗೆ. ಯುಗಾದಿಯಿಂದ ಬೀಗ ಹಾಕಿಕೊಂಡೇ ಕೂತ ಉದ್ಯಾನದಲ್ಲಿ ಹುಲ್ಲು ಬೆಂಚುಗಳನ್ನು ಮುಚ್ಚುವಷ್ಟು ಬೆಳೆದಿತ್ತು.

“ನಮ್ಮವ್ವಗ ಮಣಕಾಲ ಆಪರೇಶನ್ ಆಗೇತ್ರಿ.” ವೈಶಾಲಿಯ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. “ದಿನಾ ಅಡ್ಡಾಡದಿದ್ರ ಕಾಲು ಬಿಗೀತಾವ ಅಂದಾರ ಡಾಕ್ಟರು. ರಸ್ತಾದ ತುಂಬ ಸಮೀರವಾಡಿ ಸಕ್ಕರಿ ಫ್ಯಾಕ್ಟರಿಗೆ ಹೋಗೋ ಕಬ್ಬಿನ ಟ್ರ್ಯಾಕ್ಟರ್ ಅದಾವ.”

“ನಾ ಏನ್ ಮಾಡ್ಲಿ ತಂಗಿ? ಮಂತ್ರಿಗಳ ತಾರೀಕು ಸಿಕ್ಕಿಲ್ಲ. ಹುಲ್ಲು ಸಣ್ಣ ಆಗ್ಲಿ ಅಂತ ಸಾಹೇಬ್ರು ಕುರಿಗಷ್ಟ ಪರ್ಮಿಶನ್ ಕೊಟ್ಟಾರ.”

ವೈಶಾಲಿಯ ಕಣ್ಣು ತುಂಬಿದವು. ಅಷ್ಟೂ ಹೊತ್ತು ಕೇಳುತ್ತ ನಿಂತಿದ್ದ ಹಣಮವ್ವ, “ಅಲ್ಲೋ ಗುರುಪಾದ, ಕುರಿ ಅಂದಮ್ಯಾಲೆ ಕಾಯಾಕ ಮಂದಿ ಬೇಕಿಲ್ಲೇನು?” ಎಂದವಳೇ ತನ್ನ ಬಡಿಗೆಯನ್ನು ಮಾದೇವಿಯತ್ತ ಚಾಚಿದಳು. “ಹಿಡೀರಿ ಅಕ್ಕಾರ.”

ಪೇಟೆಯಲ್ಲಿ ಬಟ್ಟೆ ಅಂಗಡಿ ಇದ್ದ ಮನೆಯ ಮಾದೇವಿ, ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಗೆ ಊರುತ್ತ ಕುರಿಗಳ ಹಿಂದೆ ಒಳಗೆ ನಡೆದಳು.

“ಕಾಲುದಾರಿ ಮ್ಯಾಲೆ ಹೋಗಬ್ಯಾಡ್ರೀ,” ಗುರುಪಾದ ಹಿಂದಿನಿಂದ ಕೂಗಿದ, “ಅದು ಮಂತ್ರಿಗಳು ಮೊದಲು ನಡೀಬೇಕಾದ ದಾರಿ!”

“ಕುರಿ ಹೋದಲ್ಲಿ ನಾನೂ ಹೋಗಬೇಕಲ್ಲಪಾ” ಎಂದಳು ಮಾದೇವಿ, ಮುಂದಿದ್ದ ಟಗರನ್ನು ಮೆಲ್ಲಗೆ ಕಾಲುದಾರಿಗೆ ಅಟ್ಟುತ್ತ.