ಆ ಟಾಸ್‌ನ ನಾಣ್ಯ

ಹನ್ನೊಂದು ವರ್ಷಗಳ ಹಿಂದೆ ಅಮೆರಿಕನ್ ಫುಟ್‌ಬಾಲ್ ಫೈನಲ್ ಸೋತ ತಂಡದ ನಾಯಕ, ಅಂದು ರೆಫರಿಯಾಗಿದ್ದವನ ಮನೆಗೆ ಬಂದಿದ್ದ. ಮಂಡಿಗೆ ಆಪರೇಷನ್ ಆಗಿ ಕುಂಟುತ್ತಿದ್ದ.

ಅಂದು ಹಿಮ ಸುರಿಯುತ್ತಿತ್ತು. ಪಂದ್ಯ ಸಮವಾಗಿ ನಿಂತು ಹೆಚ್ಚುವರಿ ಆಟಕ್ಕೆ ಹೋಯಿತು. ಆಗಿನ ನಿಯಮದಂತೆ ಟಾಸ್ ಗೆದ್ದವರಿಗೆ ಮೊದಲು ಚೆಂಡು. ಅವರು ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಟಚ್‌ಡೌನ್ ಮಾಡಿದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಎದುರಾಳಿಗಳು ಟಾಸ್ ಗೆದ್ದರು, ಟಚ್‌ಡೌನ್ ಮಾಡಿದರು. ಈ ನಾಯಕನ ತಂಡದ ಕೈಗೆ ಚೆಂಡು ಬರಲೇ ಇಲ್ಲ.

"ಈಗ ನಿಯಮ ಬದಲಾಗಿದೆ ಸರ್," ಎಂದ ನಾಯಕ. "ಎರಡೂ ಕಡೆಯವರಿಗೆ ಒಂದೊಂದು ಅವಕಾಶ ಕೊಡ್ತಾರೆ."

"ಓದಿದೆ."

"ನಿಮ್ಮ ಮೇಲೆ ಸಿಟ್ಟಿಲ್ಲ. ನಿಯಮ ನೀವು ಮಾಡಿದ್ದಲ್ಲ. ನಾಣ್ಯ ಹಿಮದೊಳಗೆ ಬಿತ್ತು, ನೀವು ಬಗ್ಗಿ ಎತ್ಕೊಂಡು 'ಹೆಡ್' ಅಂದ್ರಿ. ನಾನು 'ಟೇಲ್' ಕೇಳಿದ್ದೆ. ಅಷ್ಟೇ."

ರೆಫರಿ ಕಾಫಿ ಕಪ್ಪನ್ನು ಅವನತ್ತ ಸರಿಸಿದ. ನಾಯಕ ಮುಟ್ಟಲಿಲ್ಲ.

"ಒಂದು ಕೇಳೋಕೆ ಬಂದೆ. ಆ ನಾಣ್ಯ ಕೊಡ್ತೀರಾ? ಚೆಂಡಂತೂ ಸಿಗಲಿಲ್ಲ, ಅದಾದ್ರೂ ಮನೇಲಿರಲಿ."

"ನನ್ನ ಹತ್ರ ಇಲ್ಲ."

"ಮತ್ತೆ ಯಾರ ಹತ್ರ ಇದೆ? ನೀವು ಮುಷ್ಟಿಯಲ್ಲಿ ಹಿಡ್ಕೊಂಡು ಹೋಗಿದ್ದನ್ನ ನಾನೇ ನೋಡಿದೀನಿ."

ರೆಫರಿ ತನ್ನ ಬಲಗೈ ಬಿಚ್ಚಿ, ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ನಾಣ್ಯ ನನಗೆ ಸಿಕ್ಕಿರಲೇ ಇಲ್ಲ. ಅವತ್ತು ಈ ಮುಷ್ಟಿಯಲ್ಲಿದ್ದದ್ದು ಬರೀ ಹಿಮ."