ನಾಲ್ಕನೆಯ ದೂರು

ಹತ್ತು ಗಂಟೆಗೆ ಬರಲು ಹೇಳಿದ್ದರೆ ಕನ್ನಡಕದಂಗಡಿಯವನು ಒಂಬತ್ತಕ್ಕೇ ಠಾಣೆಯ ಬೆಂಚಿನ ಮೇಲಿದ್ದ. ಇಸ್ತ್ರಿ ಮಾಡಿದ ಅಂಗಿ, ಆಗತಾನೇ ಮಾಡಿಸಿಕೊಂಡ ಕ್ಷೌರ. "ಬಂದ್ನಾ ಅವನು?" ಎಂದು ಕಾನ್‌ಸ್ಟೇಬಲನನ್ನು ಮೂರು ಸಲ ಕೇಳಿಯಾಗಿತ್ತು.

ಅವನು ಎಂದರೆ ಜಿಗಣೆ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೆಸರು ಕನ್ನಡಕದವನೇ ಇಟ್ಟದ್ದು. ಸ್ಕ್ರೂ ಬಿಗಿ ಮಾಡಿಸಲು ಅಂಗಡಿಗೆ ಬಂದವನು ಎರಡು ವರ್ಷ ಎದ್ದು ಹೋಗಲೇ ಇಲ್ಲ. ಇವನು ನೀಲಿ ಅಂಗಿ ಹೊಲಿಸಿದರೆ ಅವನಿಗೂ ಅದೇ ಬಟ್ಟೆ. ಇವನಿಗೆ ಜ್ವರ ಬಂದರೆ ಮಂಚದ ಪಕ್ಕ ಕೂತು ಉಸಿರು ಎಣಿಸುತ್ತಿದ್ದ, ಅದೂ ಗಟ್ಟಿಯಾಗಿ. ಕಡೆಗೊಂದು ದಿನ, ಆಪತ್ತಿಗಿರಲಿ ಎಂದು ಇವನ ಮನೆಗೆ ಇನ್ನೊಂದು ಬೀಗದ ಕೈ ಮಾಡಿಸಿಟ್ಟುಕೊಂಡ. ಅವತ್ತು ಕನ್ನಡಕದವನು ಪೊಲೀಸರ ಬಳಿ ಓಡಿದ.

ಆ ಮೊದಲನೆಯ ದೂರಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜಿಗಣೆ ಬೀಗದ ಕೈ ಒಪ್ಪಿಸಿ, ಆ ಬೀದಿಗೇ ಕಾಲಿಡುವುದಿಲ್ಲವೆಂದು ಬರೆದುಕೊಟ್ಟ. ಎರಡು ತಿಂಗಳಿಗೆ ಎರಡನೆಯ ದೂರು ಬಂತು, ಆಮೇಲೆ ಮೂರನೆಯದು, ಈಗ ನಾಲ್ಕನೆಯದು. ಬಾಗಿಲು ಬಡಿದ, ಕಿಟಕಿಯಲ್ಲಿ ಇಣುಕಿದ ಎಂದು. ಕರೆಸಿದಾಗಲೆಲ್ಲ ಜಿಗಣೆ ಒಪ್ಪಿಕೊಂಡ. ನಾಯಿ ಬಾಲ ಡೊಂಕು ಎಂದರು ಠಾಣೆಯವರು.

ಸಬ್‌ಇನ್‌ಸ್ಪೆಕ್ಟರ್ ಮೇಡಂ ಅವರದೊಂದು ಪದ್ಧತಿ. ಜಗಳವಾಡಿದವರನ್ನು ಮೊದಲು ಒಂದೇ ಬೆಂಚಿನಲ್ಲಿ ಒಂದು ಗಂಟೆ ಕೂರಿಸಬೇಕು. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಜಿಗಣೆ ಬಂದಾಗ ಹತ್ತೂವರೆ. ಮುದುಡಿದ ಅಂಗಿ, ಕೆಂಪಡರಿದ ಕಣ್ಣು, ಊದಿಕೊಂಡ ಪಾದ. "ರಾತ್ರಿಯೆಲ್ಲ ಇವರ ಮನೆ ಮುಂದೆ ನಿಂತಿದ್ನೋ ಏನೋ," ಎಂದು ಕಾನ್‌ಸ್ಟೇಬಲ್ ಗೊಣಗಿದ.

"ಕಿವಿನೋವು ಹೇಗಿದೆ?" ಜಿಗಣೆ ಕೇಳಿದ.

"ನಿಂಗ್ಯಾಕೆ ಅದೆಲ್ಲ?"

ಸ್ವಲ್ಪ ಹೊತ್ತಿಗೆ ಕನ್ನಡಕದವನೇ ಬಾಯಿಬಿಟ್ಟ. "ಎಡಗಡೇದು ವಾಸಿ. ಬಲಗಡೇದು ಇನ್ನೂ ಇದೆ. ನೋವು ಬಂದಾಗ ಯಾರನ್ನ ಕರೆಯೋದು ಅಂತಾನೇ ಗೊತ್ತಾಗಲ್ಲ."

ಗಂಟೆ ಮುಗಿಯಿತು. ಮೇಡಂ ಇಬ್ಬರನ್ನೂ ಒಳಗೆ ಕರೆದರು.

"ಮೊನ್ನೆ ಇವರ ಬಾಗಿಲು ಬಡಿದಿದ್ದು ನಿಜಾನಾ?"

"ಅವನು ಬರೆದಿದ್ರೆ ನಿಜಾನೇ ಮೇಡಂ," ಎಂದ ಜಿಗಣೆ.

ಮೇಡಂ ಕಾಗದವನ್ನು ಕನ್ನಡಕದವನ ಮುಂದೆ ಸರಿಸಿದರು. "ಸಾಕಾಯ್ತು ಯಜಮಾನ್ರೇ. ಇಲ್ಲಿ ಸಹಿ ಹಾಕಿ. ಕೇಸು ಕೋರ್ಟಿಗೆ ಹೋಗುತ್ತೆ, ಇವರು ಜೈಲಿಗೆ ಹೋಗ್ತಾರೆ. ನಿಮಗೆ ಇನ್ನು ಇವರ ಮುಖ ನೋಡೋ ಕರ್ಮ ಇರಲ್ಲ."

ಕನ್ನಡಕದವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

"ವಯಸ್ಸಾದವನು ಮೇಡಂ. ಇದೊಂದ್ಸಲ ಎಚ್ಚರಿಕೆ ಕೊಟ್ಟು ಬಿಟ್ಬಿಡಿ." ಜಿಗಣೆಯ ಕಡೆ ತಿರುಗಿ ಗದರಿದ. "ಮತ್ತೆ ಬಂದ್ರೆ ನೋಡು, ಮುಂದಿನ ತಿಂಗಳೇ ದೂರು ಕೊಡ್ತೀನಿ!"

ಹಾಗೆಂದವನು ದಡದಡನೆ ಹೊರಗೆ ನಡೆದುಬಿಟ್ಟ.

ಮೇಡಂ ಮುಚ್ಚಳಿಕೆ ಬರೆಯತೊಡಗಿದರು. "ವಿಳಾಸ ಹಳೇದೇ ಅಲ್ವಾ?"

"ಇಲ್ಲ ಮೇಡಂ, ಮಗಳ ಮನೇದು ಬರ್ಕೊಳ್ಳಿ. ಮೊದಲನೇ ದೂರಿನ ಮಾರನೇ ದಿನವೇ ಅಲ್ಲಿಗೆ ಹೊರಟುಹೋದೆ. ಬಸ್ಸಲ್ಲಿ ಹನ್ನೊಂದು ಗಂಟೆ ದಾರಿ. ನೀವು ಫೋನ್ ಮಾಡಿದಾಗಷ್ಟೇ ಈ ಊರಿಗೆ ಬರೋದು."

ಮೇಡಂ ತಲೆಯೆತ್ತಿದರು. "ಹಾಗಾದ್ರೆ ಆಮೇಲಿನ ಮೂರು ದೂರು?"

"ಅವನಿಗೆ ಹೇಳ್ಬೇಡಿ ಮೇಡಂ," ಎಂದ ಜಿಗಣೆ. "ನಾಚ್ಕೊಂಡು, ದೂರು ಕೊಡೋದನ್ನೇ ನಿಲ್ಲಿಸಿಬಿಡ್ತಾನೆ."