ಗುರುವಾರದ ಮೂರು ಗಂಟೆ

“ಸಿಕ್ಕಿಬಿದ್ದಳು ನೋಡು!” ಜರಡಿ ಮೇಜಿಗೆ ಗುದ್ದಿದ.

ಜರಡಿ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಅವನು ಆನ್‌ಲೈನ್ ತರಬೇತಿ ಕೇಂದ್ರವೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಯಾರು ಮನಸ್ಸಿಟ್ಟು ಕಲಿಯುತ್ತಿದ್ದಾರೆ, ಯಾರು ಸುಮ್ಮನೆ ಸೀಟು ಹಿಡಿದು ಕೂತಿದ್ದಾರೆ ಎಂದು ಸೋಸುವುದೇ ಉದ್ಯೋಗ. ಪಕ್ಷಪಾತ ಆಗಬಾರದೆಂದು ಕೇಂದ್ರದವರು ವಿದ್ಯಾರ್ಥಿಗಳ ಹೆಸರು, ವಿಳಾಸ, ಫೋಟೊ ಯಾವುದನ್ನೂ ಅವನಿಗೆ ತೋರಿಸುತ್ತಿರಲಿಲ್ಲ. ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಕಸುಬೇನು, ಎಷ್ಟು ಹೊತ್ತು ಪಾಠ ನೋಡಿದರು, ಅಷ್ಟೇ. ಮನುಷ್ಯರನ್ನು ಅಳೆಯಲು ಅಷ್ಟು ಸಾಕು ಎಂದು ಅವನು ನಂಬಿದ್ದ.

ಈಗ ಸಿಕ್ಕಿಬಿದ್ದದ್ದು ಇನ್ನೂರ ಹನ್ನೆರಡು. ಹೆಣ್ಣು, ಮೂವತ್ತೊಂಬತ್ತು, ಗೃಹಿಣಿ. ಶಿಶುವಿಹಾರದ ಶಿಕ್ಷಕಿಯರ ತರಬೇತಿ. ‘ಏಕೆ ಕಲಿಯುತ್ತಿದ್ದೀರಿ?’ ಎಂಬಲ್ಲಿ ಅವಳು ಬರೆದದ್ದನ್ನು ಜರಡಿ ಫೋನಿನಲ್ಲಿದ್ದ ಕಿರಿಯ ಸಹೋದ್ಯೋಗಿಗೆ ರಾಗ ಎಳೆದು ಓದಿ ಹೇಳಿದ: “‘ಈ ಸಲ ಪರೀಕ್ಷೆಗೆ ಕೂರದಿದ್ದರೆ ವಯಸ್ಸು ಮೀರುತ್ತದೆ. ಆಮೇಲೆ ನನಗೆ ಯಾರೂ ಕೆಲಸ ಕೊಡುವುದಿಲ್ಲ.’ ಅಬ್ಬಬ್ಬಾ, ಏನು ಕಣ್ಣೀರಮ್ಮಾ!”

ಪರೀಕ್ಷೆ ಬರುವ ಸೋಮವಾರ. ಸೀಟು ಹೋದರೆ ಪರೀಕ್ಷೆಯೂ ಹೋದಂತೆ.

ಪಾಠಗಳು ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ತೆರೆದಿರುತ್ತಿದ್ದವು. ನಾಲ್ಕು ತಿಂಗಳಲ್ಲಿ ಇನ್ನೂರ ಹನ್ನೆರಡು ಒಮ್ಮೆಯೂ ಹದಿನೈದು ನಿಮಿಷ ನೆಟ್ಟಗೆ ಕೂತವಳಲ್ಲ. ಐದು ನಿಮಿಷ ನೋಡುವುದು, ನಿಲ್ಲಿಸುವುದು. ಏಳು ನಿಮಿಷ, ಮತ್ತೆ ನಿಲ್ಲಿಸುವುದು.

“ಆದ್ರೆ ಸರ್, ಹೋದ ಗುರುವಾರ ಮೂರು ಗಂಟೆನೂ ಒಂದೇ ಸಮ ನೋಡಿದಾರೆ,” ಎಂದಳು ಸಹೋದ್ಯೋಗಿ. “ಕೇಳಿದ ಪ್ರಶ್ನೆಗೆಲ್ಲ ಸರಿ ಉತ್ತರ ಕೊಟ್ಟಿದಾರೆ.”

“ಅದೇ ಕಣಮ್ಮ ನಾನು ಹೇಳ್ತಿರೋದು! ಕಾಲು ಗಂಟೆ ಕೂರಕ್ಕಾಗದವಳು ಮೂರು ಗಂಟೆ ಕೂತ್ಲಾ? ಬೇರೆ ಯಾರನ್ನೋ ಕೂರಿಸಿ ನಮ್ಮ ಕಣ್ಣಿಗೆ ಮಣ್ಣೆರಚಿದಾಳೆ. ಈ ವಯಸ್ಸಿನ ಹೆಂಗಸರೇ ಹೀಗೆ. ಉಮೇದಲ್ಲಿ ಸೇರ್ತಾರೆ, ಆಮೇಲೆ ಧಾರಾವಾಹಿ ನೋಡ್ಕೊಂಡು ಇದ್ದುಬಿಡ್ತಾರೆ. ಆ ಗುರುವಾರ ಮುಖ್ಯ ಕಚೇರೀಲಿ ಇದನ್ನೇ ಅಲ್ವಾ ನಾನು ಬಣ್ಣದ ನಕ್ಷೆ ಹಾಕಿ ತೋರಿಸಿದ್ದು? ಎಷ್ಟು ಚಪ್ಪಾಳೆ ಬಿತ್ತು!”

ಜರಡಿ ಬಾಗಿಲ ಕಡೆ ತಿರುಗಿ ಕೂಗಿದ.

“ಟೀ!”

ಸದ್ದಿಲ್ಲ.

“ಕೇಳಿಸ್ತಾ? ಟೀ!”

ಹೆಂಡತಿಯನ್ನು ಯಾವುದಕ್ಕೂ ಎರಡು ಸಲ ಕರೆಯಬೇಕಿತ್ತು. ಬೆಳಗಿನಿಂದ ಕನ್ನಡಕಕ್ಕೆ ಎರಡು ಸಲ, ಚಾರ್ಜರಿಗೆ ಎರಡು ಸಲ, ಬಿಸಿಲು ಬೀಳುತ್ತಿದ್ದ ಕಿಟಕಿಯ ಪರದೆ ಎಳೆಯಲು ಮೂರು ಸಲ. ಈ ನಡುವೆ ಇವಳ ಕಿವಿ ಮಂದವಾಗುತ್ತಿದೆ ಎಂದುಕೊಂಡಿದ್ದ.

ಅವಳು ಟೀ ತಂದಿಟ್ಟಳು. ಹೋಗದೆ ಸೆರಗಿನ ತುದಿ ತಿರುಚುತ್ತಾ ನಿಂತಳು.

“ರೀ, ಆಕೆಯ ಸೀಟು ತೆಗೀಲೇಬೇಕಾ? ಪರೀಕ್ಷೆಗೆ ಇನ್ನು ಐದು ದಿನ ತಾನೇ. ಬಿಟ್ಬಿಡಬಾರದಾ?”

“ಕದ್ದು ಕೇಳೋಕೆ ಮಾತ್ರ ಕಿವಿ ಚುರುಕಾಗಿದೆ,” ಎಂದು ನಕ್ಕ. “ನಿನಗ್ಯಾಕೆ ಊರ ಉಸಾಬರಿ? ನನ್ನ ಮನೆಯವರೇ ಆಗಿದ್ರೂ ಬಿಡ್ತಿರ್ಲಿಲ್ಲ ನಾನು. ಕೆಲಸ ಅಂದ್ರೆ ಕೆಲಸ.”

ಅವಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸೀಟು ತೆಗೆಯುವ ಮುನ್ನ ವಿದ್ಯಾರ್ಥಿಗೆ ಒಂದು ಪ್ರಶ್ನೆ ಕೇಳಬೇಕೆಂಬ ನಿಯಮವಿತ್ತು. ಉತ್ತರಕ್ಕೆ ಹತ್ತು ನಿಮಿಷ. ಜರಡಿ ನಿಯಮ ತಪ್ಪುವವನಲ್ಲ. ಟೈಪ್ ಮಾಡಿದ: “ಕಳೆದ ಗುರುವಾರ ನಿಮ್ಮ ಪಾಠ ನೋಡಿದವರು ಯಾರು?”

ಒಂಬತ್ತನೇ ನಿಮಿಷಕ್ಕೆ ಉತ್ತರ ಬಂತು.

“ನಾನೇ. ಅವತ್ತು ಪುರುಸೊತ್ತು ಸಿಕ್ಕಿತ್ತು.”

“ಪುರುಸೊತ್ತಂತೆ!” ಜರಡಿಗೆ ನಗು ತಡೆಯಲಾಗಲಿಲ್ಲ. “ಮನೇಲಿ ಕೂತಿರೋರಿಗೆ ದಿನಾ ಪುರುಸೊತ್ತೇ ಅಲ್ವೇನಮ್ಮ?”

“ಸರ್, ಇನ್ನೊಂದ್ಸಲ ಯೋಚನೆ ಮಾಡಿ,” ಎಂದಳು ಸಹೋದ್ಯೋಗಿ. “ಸೀಟು ತಕ್ಷಣ ಕಾಯ್ತಿರೋರಿಗೆ ಹೋಗತ್ತೆ. ಆಮೇಲೆ ನಾವೂ ವಾಪಸ್ ಕೊಡೋಕಾಗಲ್ಲ.”

ಯೋಚಿಸುವುದೇನು ಬಂತು? ಬೆರಳು ಒತ್ತಿದ. ಜೊತೆಗೆ ತಾನೇ ರಚಿಸಿದ್ದ, ಬಹಳ ಸಭ್ಯವಾಗಿದೆ ಎಂದು ಎಲ್ಲರೂ ಮೆಚ್ಚಿದ್ದ ಸಾಲನ್ನು ಕಳಿಸಿದ: “ನಿಮ್ಮ ವಯೋಮಾನದವರಿಗೆ ಸತತ ಕಲಿಕೆ ಕಷ್ಟವೆಂದು ಕಂಡುಬಂದಿದೆ. ಈವರೆಗಿನ ಸಹಕಾರಕ್ಕೆ ವಂದನೆಗಳು.”

ಇನ್ನೂರ ಹನ್ನೆರಡು ಪಟ್ಟಿಯಿಂದ ಮಾಯವಾಯಿತು. ಆ ಜಾಗಕ್ಕೆ ಇಪ್ಪತ್ತೆರಡು ವರ್ಷದ ಯಾರೋ ಬಂದು ಕೂತರು. ಜರಡಿ ಕೈತೊಳೆದುಕೊಂಡವನಂತೆ ಹೆಡ್‌ಫೋನ್ ಕಳಚಿಟ್ಟು ಮೈಮುರಿದ. ಬಾಯಾರಿತ್ತು.

“ನೀರು!”

ಎರಡನೇ ಸಲ ಕೂಗಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಹೆಂಡತಿ ಎದುರಿಗಿದ್ದಳು. ಕಣ್ಣು ಕೆಂಪಾಗಿತ್ತು.

“ಪರವಾಗಿಲ್ವೇ! ಇವತ್ತೇನು, ಒಂದೇ ಕೂಗಿಗೆ ಬಂದ್ಬಿಟ್ಟೆ?”

ಅವಳು ನೀರಿನ ಲೋಟ ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ತನ್ನ ಫೋನನ್ನೂ ಇಟ್ಟಳು. ಅದರ ಪರದೆಯಲ್ಲಿ ಅವನದೇ ಆ ಸಭ್ಯ ಸಾಲು ಇತ್ತು.

“ಗುರುವಾರ ನೀವು ಮನೇಲಿರ್ಲಿಲ್ಲ ಕಣ್ರೀ,” ಎಂದಳು.